ಓಕಳಿಪುರಂನಿಂದ ಕಾಡು ಮಲ್ಲೇಶ್ವರಕ್ಕೆ: ರೈಲು ಹಳಿಯ ಜಾಡಿನಲ್ಲೊಂದು ನಡಿಗೆ

ಹಳೆಯ ಬೆಂಗಳೂರನ್ನು ನಡೆದು ನೋಡಬೇಕೆನ್ನುವವರು ಸಾಮಾನ್ಯವಾಗಿ ಬಸವನಗುಡಿಯ ದೊಡ್ಡ ಬಸವನ ಮುಂದಿನಿಂದಲೋ ಮಲ್ಲೇಶ್ವರದ ಎಂಟನೇ ಕ್ರಾಸಿನಿಂದಲೋ ಹೊರಡುತ್ತಾರೆ. ನಗರ ರೈಲು ನಿಲ್ದಾಣದ ಹಿಂಬದಿಯಲ್ಲಿ, ಹಳಿಗಳಿಗೆ ಅಂಟಿಕೊಂಡಿರುವ ಓಕಳಿಪುರಂ ಇಂಥ ನಡಿಗೆಗಳಲ್ಲಿ ಕಾಣಿಸುವುದೇ ಅಪರೂಪ. ಬಹಳ ಜನರಿಗೆ ಅದು ವಾಹನ ದಟ್ಟಣೆಯ ಸುದ್ದಿಯಲ್ಲಿ ಕೇಳಿಬರುವ ಒಂದು ಜಂಕ್ಷನ್ನಿನ ಹೆಸರು, ಅಷ್ಟೇ. ಆದರೆ 19ನೇ ಶತಮಾನದ ಕೊನೆಯ ಕಾಲು ಭಾಗದಲ್ಲಿ ಬೆಂಗಳೂರು ಕೋಟೆ-ಪೇಟೆಯ ಎಲ್ಲೆ ದಾಟಿ ಬೆಳೆದದ್ದು ಹೇಗೆ ಎಂದು ತಿಳಿಯಬೇಕಾದರೆ ಇಲ್ಲಿಂದಲೇ ಹೊರಡಬೇಕು. ಬರಗಾಲ, ರೈಲು, ಗಿರಣಿ, ಪ್ಲೇಗು, ಹೊಸ ಬಡಾವಣೆ ಎಲ್ಲವೂ ಈ ಒಂದೇ ಜಾಡಿನಲ್ಲಿ ಬಂದು ಹೋಗಿವೆ. ಯಾರ ಮಾರ್ಗದರ್ಶನವೂ ಇಲ್ಲದೆ, ನಿಮ್ಮಷ್ಟಕ್ಕೆ ನೀವೇ ಒಂದು ಬೆಳಿಗ್ಗೆ ನಡೆದು ನೋಡಬಹುದಾದ ದಾರಿಯ ವಿವರ ಇಲ್ಲಿದೆ.

ದಾರಿ ಮತ್ತು ಸಮಯ

ನಡಿಗೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣದ ಮೆಜೆಸ್ಟಿಕ್ ಬದಿಯಿಂದ ಆರಂಭವಾಗುತ್ತದೆ. ಖೋಡೇಸ್ ವೃತ್ತ, ರೈಲ್ವೆ ಕೆಳಸೇತುವೆ, ಓಕಳಿಪುರಂ, ಗೋಪಾಲಪುರದ ಅಂಚು, ಅಲ್ಲಿಂದ ಹಿಂತಿರುಗಿ ಪ್ಲಾಟ್‌ಫಾರಂ ರಸ್ತೆ, ಸಂಪಿಗೆ ರಸ್ತೆ, ಎಂಟನೇ ಕ್ರಾಸು, ಕಾಡು ಮಲ್ಲೇಶ್ವರ ದೇವಸ್ಥಾನ, 15ನೇ ಕ್ರಾಸು ಇವುಗಳನ್ನು ಹಾದು ಸ್ಯಾಂಕಿ ಕೆರೆಯ ಏರಿಯಲ್ಲಿ ಮುಗಿಯುತ್ತದೆ. ಒಟ್ಟು ದೂರ ಸುಮಾರು ಆರೇಳು ಕಿಲೋಮೀಟರ್. ಅಲ್ಲಲ್ಲಿ ನಿಂತು ನೋಡುತ್ತ, ನಡುವೆ ತಿಂಡಿ ಮುಗಿಸಿ ಸಾಗಿದರೆ ನಾಲ್ಕು ಗಂಟೆ ಬೇಕು.

ನಡೆಯಬೇಕಾದದ್ದು ದಕ್ಷಿಣದಿಂದ ಉತ್ತರಕ್ಕೆ, ತಗ್ಗಿನಿಂದ ಎತ್ತರಕ್ಕೆ. ನಿಲ್ದಾಣ ಮತ್ತು ಓಕಳಿಪುರಂ ಇರುವುದು ವೃಷಭಾವತಿ ಕಣಿವೆಯ ತಗ್ಗಿನಲ್ಲಿ. ಮಲ್ಲೇಶ್ವರ ಕುಳಿತಿರುವುದು ದಿಣ್ಣೆಯ ಮೇಲೆ. ನೀರು ಎಲ್ಲಿಂದ ಇಳಿಯಿತು, ಹಳಿ ಎಲ್ಲಿ ಹಾದುಹೋಯಿತು, ಯಾರಿಗೆ ಎತ್ತರದ ನೆಲ ಸಿಕ್ಕಿತು, ಯಾರು ತಗ್ಗಿನಲ್ಲಿ ಉಳಿದರು ಎಂಬ ಪ್ರಶ್ನೆಗಳಿಗೆಲ್ಲ ಈ ಏರಿಳಿತದೊಂದಿಗೆ ನಂಟಿದೆ. ಹತ್ತುತ್ತ ಹೋದಂತೆ ಅದು ಕಾಲಿಗೇ ತಿಳಿಯುತ್ತದೆ.

ಹಿನ್ನೆಲೆ: ಬರ, ರೈಲು, ಪ್ಲೇಗು

ಬೆಂಗಳೂರಿಗೆ ಮೊದಲು ರೈಲು ಬಂದದ್ದು 1864ರಲ್ಲಿ, ಜೋಲಾರಪೇಟೆಯಿಂದ ದಂಡು ಪ್ರದೇಶಕ್ಕೆ. ಆ ಮಾರ್ಗ ಬ್ರಿಟಿಷರ ಸೇನೆಯ ಅಗತ್ಯಕ್ಕಾಗಿ ಹಾಕಿದ್ದು. ಪೇಟೆಯ ಜನರ ಹತ್ತಿರಕ್ಕೆ ರೈಲು ಬರಲು ಇನ್ನೂ ಒಂದೂವರೆ ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು. ಅದರ ಹಿಂದೆ ದೊಡ್ಡದೊಂದು ದುರಂತವಿದೆ. 1876ರಿಂದ 1878ರವರೆಗೆ, ಹಳಬರು ಧಾತು ಈಶ್ವರದ ಬರ ಎಂದು ಕರೆಯುತ್ತಿದ್ದ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನ ತನ್ನ ಐದರಲ್ಲೊಂದು ಪಾಲು ಜನರನ್ನು ಕಳೆದುಕೊಂಡಿತು. ಹೊರಗಿನಿಂದ ಧಾನ್ಯ ತರಿಸಿದರೂ ಹಳ್ಳಿಗಳಿಗೆ ಸಾಗಿಸಲು ದಾರಿಯಿರಲಿಲ್ಲ. ಗಾಡಿ ಎಳೆಯಬೇಕಾದ ಎತ್ತುಗಳೇ ಸಾಯುತ್ತಿದ್ದವು. ಹಸಿದ ಜನರಿಗೆ ಕೂಲಿ ಕೊಡಲು, ಮುಂದೆ ಇಂಥ ಸ್ಥಿತಿ ಬಾರದಂತೆ ನೋಡಿಕೊಳ್ಳಲು ಬೆಂಗಳೂರು-ಮೈಸೂರು ಮೀಟರ್‌ಗೇಜ್ ಮಾರ್ಗದ ಕೆಲಸವನ್ನು ಕೈಗೆತ್ತಿಕೊಳ್ಳಲಾಯಿತು. 1881ರಲ್ಲಿ ಒಡೆಯರ ಆಳ್ವಿಕೆ ಮರಳಿ ಬಂದಾಗ ದಿವಾನರಾಗಿದ್ದ ರಂಗಾಚಾರ್ಲು ಅದನ್ನು ಮುಂದುವರಿಸಿದರು. 1882ರಲ್ಲಿ ರೈಲು ಮೈಸೂರು ಮುಟ್ಟಿತು. 1884ರಲ್ಲಿ ತುಮಕೂರು ಮಾರ್ಗ ತೆರೆಯಿತು. ಮುಂದೆ ಅದು ಹರಿಹರ ದಾಟಿ ಹುಬ್ಬಳ್ಳಿ-ಧಾರವಾಡದ ಕಡೆಯ ಹಳಿಗಳನ್ನು ಕೂಡಿಕೊಂಡಿತು.

ಅದೇ ಹಳಿಯ ಮೇಲೆ ಪ್ಲೇಗೂ ಬಂತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ರೋಗ ಧಾರವಾಡ-ಹುಬ್ಬಳ್ಳಿ ಸೀಮೆಗೆ ಹಬ್ಬಿ, ಅಲ್ಲಿಂದ ರೈಲು ಪ್ರಯಾಣಿಕರ ಜೊತೆ 1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿಗಿಳಿಯಿತು. ಗಾಳಿ ಬೆಳಕಿಗೆ ಎಡೆಯಿಲ್ಲದ ಪೇಟೆಯ ಇಕ್ಕಟ್ಟಿನಲ್ಲಿ ಅದು ವೇಗವಾಗಿ ಹರಡಿತು. ಜನ ಮನೆ ಬಿಟ್ಟು ಊರಾಚೆಯ ಬಯಲುಗಳಲ್ಲಿ ಗುಡಿಸಲು ಹಾಕಿಕೊಂಡರು. 1891ರಲ್ಲಿ 80 ಸಾವಿರದಷ್ಟಿದ್ದ ನಗರದ ಜನಸಂಖ್ಯೆ 1901ರ ಗಣತಿಯ ಹೊತ್ತಿಗೆ 70 ಸಾವಿರದ ಆಸುಪಾಸಿಗೆ ಇಳಿದಿತ್ತು.

1890ರ ದಶಕದ ಆರಂಭದಲ್ಲೇ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಚಾಮರಾಜಪೇಟೆ, ಶೇಷಾದ್ರಿಪುರಂ, ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳ ಯೋಜನೆ ಶುರುವಾಗಿತ್ತು. ಮಲ್ಲೇಶ್ವರ, ಬಸವನಗುಡಿಗಳಲ್ಲಿ ಮನೆಗಳು ಬೇಗ ಬೇಗ ತುಂಬಿಕೊಂಡದ್ದು ಪ್ಲೇಗಿನ ನಂತರ. ಹೀಗೆ ರೋಗವನ್ನು ತಂದ ಹಳಿ ಯಾವ ದಿಣ್ಣೆಯ ಪಕ್ಕದಲ್ಲಿ ಹಾದುಬಂದಿತ್ತೋ, ರೋಗಕ್ಕೆ ಹೆದರಿದ ಊರು ಅದೇ ದಿಣ್ಣೆಯ ಮೇಲೆ ಹೊಸ ಮನೆ ಕಟ್ಟಿಕೊಂಡಿತು. ಓಕಳಿಪುರಂ ಮತ್ತು ಮಲ್ಲೇಶ್ವರವನ್ನು ಒಂದೇ ನಡಿಗೆಯಲ್ಲಿ ನೋಡಬೇಕು ಎನ್ನುವುದು ಇದಕ್ಕಾಗಿಯೇ.

ಮೊದಲ ನಿಲುಗಡೆ: ನಿಲ್ದಾಣ ಮತ್ತು ಮುಚ್ಚಿಹೋದ ಕೆರೆ

ರೈಲು ನಿಲ್ದಾಣಕ್ಕೆ ಬೆನ್ನು ಹಾಕಿ ನಿಂತು ಎದುರಿನ ಬಸ್ ನಿಲ್ದಾಣವನ್ನು ನೋಡಿ. ಸಾವಿರಾರು ಬಸ್ಸುಗಳು ಬಂದು ಹೋಗುವ ಆ ವಿಶಾಲ ತಗ್ಗು ಒಂದು ಕಾಲದ ಧರ್ಮಾಂಬುಧಿ ಕೆರೆಯ ಅಂಗಳ. ಶತಮಾನಗಳ ಕಾಲ ಪೇಟೆಗೆ ನೀರು ಕೊಟ್ಟ ಕೆರೆ ಇದು. 1890ರ ದಶಕದಲ್ಲಿ ಅರ್ಕಾವತಿಯ ಹೆಸರಘಟ್ಟದಿಂದ ಕೊಳವೆ ನೀರು ಬಂದ ಮೇಲೆ ನಗರಕ್ಕೆ ಕೆರೆಯ ಹಂಗು ತಪ್ಪಿತು. ನೀರು ಹರಿದು ಬರುವ ದಾರಿಗಳಿಗೆ ರಸ್ತೆ, ಹಳಿ, ಮನೆಗಳು ಅಡ್ಡ ಬಂದು ಕೆರೆ ಬತ್ತಿತು, ಮೈದಾನವಾಯಿತು, ಕೊನೆಗೆ ಕೆಂಪೇಗೌಡ ಬಸ್ ನಿಲ್ದಾಣವಾಯಿತು. ಕೆರೆಯ ಹೆಸರು ಈಗ ಅಕ್ಕಪಕ್ಕದ ಒಂದೆರಡು ಫಲಕಗಳಲ್ಲಿ ಉಳಿದಿದ್ದರೆ ಹೆಚ್ಚು. ಇಡೀ ಪ್ರದೇಶವನ್ನು ಜನ ಕರೆಯುವುದು ಇಲ್ಲಿದ್ದ ಮೆಜೆಸ್ಟಿಕ್ ಚಿತ್ರಮಂದಿರದ ಹೆಸರಿನಿಂದ.

ನಿಲ್ದಾಣದ ಸಮೀಪದಲ್ಲೇ ಗುಬ್ಬಿ ತೋಟದಪ್ಪನವರ ಧರ್ಮಛತ್ರವಿದೆ. ವ್ಯಾಪಾರದಲ್ಲಿ ಗಳಿಸಿದ್ದನ್ನು ಧರ್ಮಕಾರ್ಯಕ್ಕೆ ಮೀಸಲಿಟ್ಟ ತೋಟದಪ್ಪನವರು, ರೈಲಿಳಿದು ಬರುವ ಪರಊರಿನವರಿಗೆ ತಂಗಲು ನೆರಳಿಲ್ಲದ್ದನ್ನು ಕಂಡು ಈ ಛತ್ರ ಕಟ್ಟಿಸಿದರು. 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅದನ್ನು ಉದ್ಘಾಟಿಸಿದರು. ಹಳ್ಳಿಗಾಡಿನಿಂದ ಓದಲು ಬಂದ ಹುಡುಗರಿಗೆ ಅವರ ಸಂಸ್ಥೆ ವಿದ್ಯಾರ್ಥಿನಿಲಯವನ್ನೂ ನಡೆಸಿತು. ರೈಲು ಒಂದು ಊರಿಗೆ ಬಂದರೆ ಅದರ ಹಿಂದೆಯೇ ಛತ್ರ, ಹೋಟೆಲು, ಮಂಡಿ, ಗೋದಾಮುಗಳು ಹೇಗೆ ಸಾಲಾಗಿ ಹುಟ್ಟಿಕೊಳ್ಳುತ್ತವೆ ಎಂಬುದಕ್ಕೆ ನಿಲ್ದಾಣದ ಸುತ್ತಲಿನ ಬೀದಿಗಳೇ ಸಾಕ್ಷಿ.

ನಿಲ್ದಾಣಕ್ಕೆ ಈಗಿರುವ ಹೆಸರು ಕಿತ್ತೂರಿನ ವೀರ ಸಂಗೊಳ್ಳಿ ರಾಯಣ್ಣನದು. ಕಿತ್ತೂರು ಬಿದ್ದ ಮೇಲೂ ಬ್ರಿಟಿಷರ ವಿರುದ್ಧ ಸೆಣಸಿದ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಲಾಯಿತು.

ಎರಡನೇ ನಿಲುಗಡೆ: ಕೆಳಸೇತುವೆ

ನಿಲ್ದಾಣದ ಮುಂಭಾಗದಿಂದ ಉತ್ತರಕ್ಕೆ ಹೊರಟರೆ ಖೋಡೇಸ್ ವೃತ್ತ ಸಿಗುತ್ತದೆ. ಅಲ್ಲಿಂದ ಪಶ್ಚಿಮಕ್ಕೆ, ಹಳಿಗಳ ಕೆಳಗೆ, ಓಕಳಿಪುರಂಗೆ ದಾರಿ. ತಲೆಯ ಮೇಲೆ ಹಾದುಹೋಗುವ ಹಳಿಗಳನ್ನು ಸ್ವಲ್ಪ ಹೊತ್ತು ಗಮನಿಸಿ. ನಿಲ್ದಾಣದಿಂದ ಒಟ್ಟಿಗೇ ಹೊರಟ ಹಳಿಗಳು ಇಲ್ಲಿ ಎರಡಾಗುತ್ತವೆ. ಒಂದು ಕವಲು ಪೂರ್ವಕ್ಕೆ ತಿರುಗಿ ದಂಡು ನಿಲ್ದಾಣದ ಮೂಲಕ ಚೆನ್ನೈ ಕಡೆಗೆ ಹೋಗುತ್ತದೆ. ಇನ್ನೊಂದು ವಾಯವ್ಯಕ್ಕೆ ಮಲ್ಲೇಶ್ವರ, ಯಶವಂತಪುರ ದಾಟಿ ತುಮಕೂರಿನತ್ತ ಸಾಗುತ್ತದೆ. ಮದ್ರಾಸಿನ ಕಡೆಯದು 1,676 ಮಿಲಿಮೀಟರಿನ ಬ್ರಾಡ್‌ಗೇಜ್. ಮೈಸೂರು, ತುಮಕೂರು ಮಾರ್ಗಗಳು 1,000 ಮಿಲಿಮೀಟರಿನ ಮೀಟರ್‌ಗೇಜ್ ಆಗಿದ್ದವು. ಹಾಗಾಗಿ ಒಂದು ದಿಕ್ಕಿನಿಂದ ಬಂದ ಸರಕು ಇನ್ನೊಂದು ದಿಕ್ಕಿಗೆ ಹೋಗಬೇಕಾದರೆ ಒಂದು ವ್ಯಾಗನ್ನಿನಿಂದ ಇಳಿಸಿ ಮತ್ತೊಂದಕ್ಕೆ ಏರಿಸಲೇಬೇಕಿತ್ತು. 1990ರ ದಶಕದಲ್ಲಿ ಮೈಸೂರು, ತುಮಕೂರು ಮಾರ್ಗಗಳೂ ಬ್ರಾಡ್‌ಗೇಜ್ ಆಗುವವರೆಗೆ ನಡೆದ ಆ ಕೆಲಸವೆಲ್ಲ ಹಮಾಲರ ಬೆನ್ನಿನ ಮೇಲೆಯೇ ಸಾಗಿತು.

ಊರಿನ ಪೂರ್ವ ಪಶ್ಚಿಮ ಭಾಗಗಳನ್ನು ಹಳಿಗಳು ಕತ್ತರಿಸಿದ್ದರಿಂದ ರಾಜಾಜಿನಗರ, ಶ್ರೀರಾಂಪುರದ ಕಡೆಯಿಂದ ಮೆಜೆಸ್ಟಿಕ್‌ಗೆ ಬರುವವರೆಲ್ಲ ಈ ಕಿಂಡಿಯಲ್ಲಿ ತೂರಿಯೇ ಬರಬೇಕಾಯಿತು. ಚೆನ್ನೈ ಮತ್ತು ತುಮಕೂರು ಮಾರ್ಗಗಳ ಕೆಳಗೆ ರೈಲು ಸಂಚಾರ ನಿಲ್ಲಿಸದೆ ಕಾಂಕ್ರೀಟ್ ಪೆಟ್ಟಿಗೆಗಳನ್ನು ತಳ್ಳಿ, ಎಂಟು ಪಥಗಳ ಸಿಗ್ನಲ್‌ರಹಿತ ಮಾರ್ಗ ನಿರ್ಮಿಸುವ ಕೆಲಸ ವರ್ಷಗಟ್ಟಲೆ ಎಳೆದದ್ದು ಇದೇ ಜಾಗದಲ್ಲಿ. ಜೋರು ಮಳೆ ಬಂದಾಗ ಓಕಳಿಪುರಂ ಕೆಳಸೇತುವೆಯಲ್ಲಿ ನೀರು ನಿಂತ ಸುದ್ದಿ ಪ್ರತಿ ಮಳೆಗಾಲವೂ ಓದುತ್ತೇವೆ. ಕಣಿವೆಯ ತಳದಲ್ಲಿ, ಹಿಂದೆ ಕೆರೆಯಿಂದ ಕೆರೆಗೆ ನೀರು ಹರಿಯುತ್ತಿದ್ದ ನೆಲವನ್ನು ಇನ್ನಷ್ಟು ಕೆಳಗೆ ಅಗೆದರೆ ನೀರು ತನ್ನ ಹಳೆಯ ಮನೆಯನ್ನು ಹುಡುಕಿಕೊಂಡು ಬರುವುದು ಸಹಜ.

ಮೂರನೇ ನಿಲುಗಡೆ: ಓಕಳಿಪುರಂನ ಬೀದಿಗಳು

ಕೆಳಸೇತುವೆ ದಾಟಿ ಮುಖ್ಯರಸ್ತೆಯ ಗದ್ದಲ ಬಿಟ್ಟು ಒಳಗಿನ ಅಡ್ಡರಸ್ತೆಗಳಿಗೆ ಹೊರಳಿ. ಇಲ್ಲಿ ಅರಮನೆಯಿಲ್ಲ, ಸ್ಮಾರಕವಿಲ್ಲ. ನೋಡಬೇಕಾದದ್ದು ನಗರದ ದುಡಿಮೆಗಾರರು ಬಾಳಿದ, ಇಂದಿಗೂ ಬಾಳುತ್ತಿರುವ ಬೀದಿಗಳ ಹೆಣಿಗೆಯನ್ನು. ಕಿರಿದಾದ ನಿವೇಶನಗಳು, ಗೋಡೆಗೆ ಗೋಡೆ ತಾಗಿದ ಮನೆಗಳು, ಒಂದೇ ಬಾಗಿಲಿನ ಒಳಗೆ ಸಾಲಾಗಿ ಬಾಡಿಗೆಗೆ ಕೊಟ್ಟ ವಠಾರಗಳು, ಮೂಲೆಗೊಂದು ಪುಟ್ಟ ಗುಡಿ, ಬೀದಿ ನಲ್ಲಿಯ ಮುಂದೆ ಕೊಡಗಳ ಸಾಲು. ಹಳೆಯ ಮನೆ ಕೆಡವಿದಲ್ಲೆಲ್ಲ ಅದೇ ಅಳತೆಯ ನೆಲದ ಮೇಲೆ ಮೂರು ನಾಲ್ಕು ಅಂತಸ್ತು ಎದ್ದಿದೆ. ಕನ್ನಡ, ತಮಿಳು, ತೆಲುಗು, ಉರ್ದು ಒಂದೇ ಬೀದಿಯಲ್ಲಿ ಕಿವಿಗೆ ಬೀಳುತ್ತವೆ. ರೈಲ್ವೆ ಮತ್ತು ಗಿರಣಿ ಕೆಲಸ ಹುಡುಕಿ ಬೇರೆ ಬೇರೆ ಸೀಮೆಗಳಿಂದ ಬಂದವರು ಹಳಿಯ ಇಕ್ಕೆಲದಲ್ಲೂ ನೆಲೆಸಿದ್ದರ ಫಲ ಇದು.

ಗಿರಣಿಯ ಪಾಳಿ ಹಗಲು ರಾತ್ರಿ ನಡೆಯುತ್ತಿದ್ದ ಕಾಲದಲ್ಲಿ ಕೆಲಸಗಾರರು ಮಿಲ್ಲಿಗೆ ನಡೆದು ಹೋಗುವಷ್ಟು ಹತ್ತಿರ ಮನೆ ಮಾಡಬೇಕಿತ್ತು. ಓಕಳಿಪುರಂನಿಂದ ಯಾವ ದಿಕ್ಕಿಗೆ ನಡೆದರೂ ಒಂದು ಮಿಲ್ಲು ಸಿಗುತ್ತಿತ್ತು. ದಕ್ಷಿಣಕ್ಕೆ 1884ರಲ್ಲಿ ಶುರುವಾಗಿ ಮುಂದೆ ಬಿನ್ನಿ ಕಂಪನಿಯ ಕೈಗೆ ಬಂದ ಉಣ್ಣೆ, ಹತ್ತಿ, ರೇಷ್ಮೆಯ ಬಿನ್ನಿ ಮಿಲ್ಲು, ಪಶ್ಚಿಮಕ್ಕೆ ಮಿನರ್ವ, ಉತ್ತರಕ್ಕೆ ರಾಜಾ ಮಿಲ್ಲು. ಬಿನ್ನಿಪೇಟೆಯೆಂಬ ಹೆಸರು ಇಂದಿಗೂ ಅಲ್ಲೇ ಇದೆ; ಮಿಲ್ಲಿಲ್ಲ.

ಇವು ಜನ ವಾಸಿಸುವ ಬೀದಿಗಳು ಎಂಬುದು ನೆನಪಿರಲಿ. ಜಗಲಿಯ ಮೇಲೆ ಕುಳಿತ ಹಿರಿಯರನ್ನು ಮಾತಾಡಿಸಿದರೆ ಪುಸ್ತಕದಲ್ಲಿ ಇಲ್ಲದ ಎಷ್ಟೋ ವಿವರ ಸಿಗುತ್ತದೆ. ಫೋಟೊ ತೆಗೆಯುವ ಮೊದಲು ಕೇಳಿ.

ನಾಲ್ಕನೇ ನಿಲುಗಡೆ: ಸಂವಿಧಾನದ ಚರಿತ್ರೆಗೆ ಸೇರಿದ ಮಿಲ್ಲು

ಓಕಳಿಪುರಂನ ಪಶ್ಚಿಮಕ್ಕೆ ಗೋಪಾಲಪುರ. ಮಿನರ್ವ ಮಿಲ್ಲು ಇದ್ದದ್ದು ಇಲ್ಲಿ. ನೂಲು, ಬಟ್ಟೆ ತಯಾರಿಸುತ್ತಿದ್ದ ಈ ಗಿರಣಿಯ ಹೆಸರನ್ನು ದೇಶದ ಪ್ರತಿಯೊಬ್ಬ ಕಾನೂನು ವಿದ್ಯಾರ್ಥಿಯೂ ಓದುತ್ತಾನೆ. 1971ರಲ್ಲಿ ಕೇಂದ್ರ ಸರ್ಕಾರ ಮಿಲ್ಲಿನ ಆಡಳಿತವನ್ನು ವಹಿಸಿಕೊಂಡಿತು. ಕಾಯಿಲೆ ಬಿದ್ದ ಜವಳಿ ಗಿರಣಿಗಳ ರಾಷ್ಟ್ರೀಕರಣಕ್ಕಾಗಿ 1974ರಲ್ಲಿ ಬಂದ ಕಾಯ್ದೆಯಡಿ ಅದು ಸರ್ಕಾರದ ಸ್ವತ್ತಾಯಿತು. ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. ಅವರ ಪರ ನಾನಿ ಪಾಲ್ಖಿವಾಲಾ ವಾದಿಸಿದರು. ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಅವರಿದ್ದ ಐವರ ಪೀಠ 1980ರ ಜುಲೈ 31ರಂದು ತೀರ್ಪು ಕೊಟ್ಟಿತು. ತುರ್ತು ಪರಿಸ್ಥಿತಿಯ ಕಾಲದ 42ನೇ ತಿದ್ದುಪಡಿಯ ಎರಡು ಮುಖ್ಯ ಭಾಗಗಳು ಅಸಿಂಧು ಎಂದು ಬಹುಮತದ ತೀರ್ಪು ಹೇಳಿತು. ಸಂವಿಧಾನ ತಿದ್ದುವ ಸಂಸತ್ತಿನ ಅಧಿಕಾರಕ್ಕೆ ಮಿತಿಯಿದೆ, ಆ ಮಿತಿಯೇ ಸಂವಿಧಾನದ ಮೂಲ ಸ್ವರೂಪದ ಭಾಗ ಎಂಬ ತತ್ವ ಇದರಿಂದ ಗಟ್ಟಿಯಾಯಿತು.

ಮೂಲ ಸ್ವರೂಪದ ತತ್ವ ಮೊದಲು ರೂಪುಗೊಂಡದ್ದು 1973ರ ಕೇಶವಾನಂದ ಭಾರತಿ ಪ್ರಕರಣದಲ್ಲಿ. ಕಾಸರಗೋಡಿನ ಎಡನೀರು ಮಠದ ಶ್ರೀಗಳು ತಮ್ಮ ಮಠದ ಭೂಮಿಗಾಗಿ ಹೂಡಿದ ದಾವೆ ಅದು. ಕನ್ನಡದ ಒಂದು ಮಠ ಮತ್ತು ಬೆಂಗಳೂರಿನ ಒಂದು ಗಿರಣಿ, ಏಳು ವರ್ಷಗಳ ಅಂತರದಲ್ಲಿ ದೇಶದ ಪ್ರಜಾಪ್ರಭುತ್ವದ ಎರಡು ದೊಡ್ಡ ತೀರ್ಪುಗಳಿಗೆ ಹೆಸರು ಕೊಟ್ಟಿವೆ. ಗೋಪಾಲಪುರದ ಆ ಭಾಗದಲ್ಲಿ ಇಂದು ಎದ್ದಿರುವುದು ಮಾಲು ಮತ್ತು ವಸತಿ ಗೋಪುರಗಳು. ಇಂಥ ಚರಿತ್ರೆಯ ನೆಲದಲ್ಲಿ ದಾರಿಹೋಕರಿಗೆ ಅದನ್ನು ತಿಳಿಸುವ ಒಂದು ಫಲಕ ಇರಲೇಬೇಕು.

ಐದನೇ ನಿಲುಗಡೆ: ಪ್ಲಾಟ್‌ಫಾರಂ ರಸ್ತೆ ಮತ್ತು ರಾಜಾ ಮಿಲ್ಲು

ಮತ್ತೆ ಕೆಳಸೇತುವೆಯ ಹತ್ತಿರ ಬಂದು, ಹಳಿಯ ಪೂರ್ವ ಬದಿಯ ಪ್ಲಾಟ್‌ಫಾರಂ ರಸ್ತೆ ಹಿಡಿದು ಉತ್ತರಕ್ಕೆ ನಡೆಯಿರಿ. ಶೇಷಾದ್ರಿಪುರಂನ ಅಂಚಿನಲ್ಲಿ, ಕೃಷ್ಣ ಫ್ಲೋರ್ ಮಿಲ್ಲಿನ ಹತ್ತಿರ, ಜಕ್ಕರಾಯನ ಕೆರೆ ಎಂಬ ಹೆಸರಿನ ಜಾಗವಿದೆ. ಹೆಸರಿನಲ್ಲಿ ಕೆರೆ, ನೆಲದಲ್ಲಿ ಮೈದಾನ. ಮೇಲಿನ ದಿಣ್ಣೆಯಿಂದ ಇಳಿದ ನೀರು ಧರ್ಮಾಂಬುಧಿಗೆ ಸೇರುವ ಹಾದಿಯಲ್ಲಿ ಇದೂ ಒಂದು ಕೊಂಡಿಯಾಗಿತ್ತು.

ಪ್ಲಾಟ್‌ಫಾರಂ ರಸ್ತೆ ಮುಗಿದು ಸಂಪಿಗೆ ರಸ್ತೆಯ ತುದಿ ಮುಟ್ಟುವಲ್ಲಿ ಮಂತ್ರಿ ಸ್ಕ್ವೇರ್ ಮಾಲ್ ನಿಂತಿದೆ. ಇದು ರಾಜಾ ಮಿಲ್ಲಿನ ನೆಲ. ಕಾಗದದ ಮೇಲೆ ಅದರ ಹೆಸರು ಮೈಸೂರು ಸ್ಪಿನ್ನಿಂಗ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ. ಜನ ಮಹಾರಾಜಾ ಮಿಲ್ಲು, ರಾಜಾ ಮಿಲ್ಲು ಎಂದೇ ಕರೆದರು. 19ನೇ ಶತಮಾನದ ಕೊನೆಗೆ ಆರಂಭವಾದ ಈ ಗಿರಣಿಗೆ ಹಳಿಯ ಪಕ್ಕದ ನೆಲವೇ ಏಕೆ ಬೇಕಾಯಿತು ಎಂದು ಕೇಳಿಕೊಂಡರೆ ಉತ್ತರ ಸುಲಭ. ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗೆ ಬಂದದ್ದು 1905ರಲ್ಲಿ. ಅದಕ್ಕೂ ಮೊದಲು ಯಂತ್ರಗಳು ಉಗಿಯಿಂದ ನಡೆಯುತ್ತಿದ್ದವು. ಕುಲುಮೆಗೆ ಸೌದೆ, ಕಲ್ಲಿದ್ದಲು, ಕದಿರಿಗೆ ಹತ್ತಿ ಎಲ್ಲವೂ ರೈಲಿನಲ್ಲಿ ಬರಬೇಕು. ನೂಲೂ ರೈಲಿನಲ್ಲೇ ಹೋಗಬೇಕು. ಕೊನೆಗೆ ರಾಷ್ಟ್ರೀಯ ಜವಳಿ ನಿಗಮದ ಕೈಗೆ ಬಂದು ಗಿರಣಿ ನಿಂತುಹೋಯಿತು; 2010ರಲ್ಲಿ ಅದೇ ನೆಲದಲ್ಲಿ ಮಾಲ್ ತೆರೆಯಿತು. ಪಕ್ಕದಲ್ಲೇ 2014ರಲ್ಲಿ ಮೆಟ್ರೊ ನಿಲ್ದಾಣ ಬಂತು. ಮಿಲ್ಲಿನ ಕಾಲದ ದೊಡ್ಡ ಕಟ್ಟಡಗಳಲ್ಲಿ ಒಂದನ್ನಾದರೂ ಉಳಿಸಿಕೊಂಡು ಗಿರಣಿಗಾರರ ವಸ್ತುಸಂಗ್ರಹಾಲಯ ಮಾಡಿದ್ದರೆ ಈ ನಗರದ ಕಾರ್ಮಿಕ ಚರಿತ್ರೆಗೆ ಒಂದು ಮನೆಯಿರುತ್ತಿತ್ತು.

ಆರನೇ ನಿಲುಗಡೆ: ಮಲ್ಲೇಶ್ವರದ ಬೀದಿ ಮತ್ತು ಮನೆ

ಸಂಪಿಗೆ ರಸ್ತೆಯಲ್ಲಿ ಉತ್ತರಕ್ಕೆ ಏರುತ್ತ ಹೋದಂತೆ ಕ್ರಾಸುಗಳ ಸಂಖ್ಯೆಯೂ ಏರುತ್ತದೆ. ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ ದಕ್ಷಿಣೋತ್ತರವಾಗಿ ಸಾಗಿದರೆ, ಅವನ್ನು ಅಡ್ಡ ಹಾಯುವ ಕ್ರಾಸುಗಳು ಪೂರ್ವ ಪಶ್ಚಿಮಕ್ಕಿವೆ. ಓಕಳಿಪುರಂನ ಬೀದಿಗಳಿಗೂ ಇಲ್ಲಿಯ ಬೀದಿಗಳಿಗೂ ಇರುವ ಅಂತರ ತಟ್ಟನೆ ಕಣ್ಣಿಗೆ ಬೀಳುತ್ತದೆ. ಇದು ಮೊದಲೇ ನಕ್ಷೆ ಬರೆದು, ಅಗಲ ಅಳೆದು, ಚರಂಡಿಗೆ ಇಳಿಜಾರು ನೋಡಿ ಕಟ್ಟಿದ ಬಡಾವಣೆ. ಮನೆಗಳ ಹಿಂದೆ ಸಾಗುವ ಕಿರಿದಾದ ಕನ್ಸರ್ವೆನ್ಸಿ ಓಣಿಗಳನ್ನು ಮರೆಯದೆ ಗಮನಿಸಿ. ಒಳಚರಂಡಿ ಇಲ್ಲದ ಕಾಲದಲ್ಲಿ ಶೌಚಗುಂಡಿ ಶುಚಿ ಮಾಡುವ ಪೌರಕಾರ್ಮಿಕರು ಮನೆಯ ಮುಂಬಾಗಿಲಿಗೆ ಬಾರದೆ ಹಿಂದಿನಿಂದಲೇ ಬಂದು ಹೋಗಲಿ ಎಂದು ಮಾಡಿದ ದಾರಿ ಅದು. ಆರೋಗ್ಯದ ಕಾಳಜಿಯೂ ಜಾತಿಯ ಕ್ರೌರ್ಯವೂ ಒಂದೇ ಓಣಿಯಲ್ಲಿವೆ. ನಿವೇಶನ ಹಂಚುವಾಗಲೂ ಬ್ಲಾಕುಗಳನ್ನು ಸಮುದಾಯವಾರು ವಿಂಗಡಿಸಲಾಗಿತ್ತು. ಬಡಾವಣೆಯ ಅಂದವನ್ನು ಮೆಚ್ಚುವವರು ಇದನ್ನೂ ಅರಿತಿರಬೇಕು.

ಹಳೆಯ ಮನೆಗಳು ಕಡಿಮೆಯಾಗುತ್ತಿದ್ದರೂ ಕ್ರಾಸುಗಳ ಒಳಗೆ ಇನ್ನೂ ಕೆಲವು ಸಿಗುತ್ತವೆ. ಮುಂದೆ ಕಾಂಪೌಂಡು, ಹೂಗಿಡಗಳ ಅಂಗಳ. ಮರದ ಜಾಲರಿ ಹಾಕಿದ ವರಾಂಡ. ಕಿಟಕಿಯ ಮೇಲೆ ತ್ರಿಕೋನಾಕಾರದಲ್ಲಿ ಚಾಚಿಕೊಂಡ ಮರದ ಮಾಡು, ಅದನ್ನೇ ಬೆಂಗಳೂರಿನವರು ಮಂಕಿ ಟಾಪ್ ಎನ್ನುವುದು. ಮಂಗಳೂರು ಹೆಂಚು ಅಥವಾ ಮರದ ತೊಲೆಗಳ ಮೇಲೆ ಇಟ್ಟಿಗೆ ಗಾರೆ ಹಾಸಿದ ಮದ್ರಾಸ್ ತಾರಸಿ. ಒಳಗೆ ಕಾಲಿಟ್ಟರೆ ತಣ್ಣಗಿರುವ ಕೆಂಪು ಗಾರೆ ನೆಲ. ಎತ್ತರದ ಸೂರು ಮತ್ತು ಗೋಡೆಯ ಮೇಲಿನ ಗವಾಕ್ಷಿಗಳ ಕೆಲಸ ಬಿಸಿ ಗಾಳಿಯನ್ನು ಹೊರಗೆ ಕಳಿಸುವುದು. ಪೇಟೆಯ ಕತ್ತಲೆ ಕೋಣೆಗಳಲ್ಲಿ ಪ್ಲೇಗು ಕಂಡ ತಲೆಮಾರಿಗೆ ಗಾಳಿ ಬೆಳಕು ಎಂದರೆ ಪ್ರಾಣವೇ ಆಗಿತ್ತು.

ಎಂಟನೇ ಕ್ರಾಸು ಈ ಬಡಾವಣೆಯ ಸಂತೆಬೀದಿ. ಮಲ್ಲಿಗೆ, ಕನಕಾಂಬರ, ತುಳಸಿ ಮಾಲೆ. ಬಾಳೆಲೆ, ಮಾವಿನ ಸೊಪ್ಪು, ಅವರೆಕಾಯಿ. ಕುಂಕುಮ ಅರಿಶಿನದ ಅಂಗಡಿ, ಬಳೆ, ಸೀರೆ. ಗೌರಿ-ಗಣೇಶ ಹಬ್ಬ ಮತ್ತು ವರಮಹಾಲಕ್ಷ್ಮಿ ವ್ರತದ ಹಿಂದಿನ ಸಂಜೆ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಇದೇ ಬಡಾವಣೆಯಲ್ಲಿ 1930ರಲ್ಲಿ ಸ್ಥಾಪನೆಯಾದ ಕೆನರಾ ಯೂನಿಯನ್ನಿನ ಅಂಗಳದಲ್ಲಿ ಆಡಿ ಬೆಳೆದ ಪ್ರಕಾಶ್ ಪಡುಕೋಣೆ 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪ್ರಶಸ್ತಿ ಗೆದ್ದರು.

ತಿಂಡಿಗೆ ಎಲ್ಲಿ

ಈ ಹೊತ್ತಿಗೆ ಹಸಿವಾಗಿರುತ್ತದೆ. ಮಾರ್ಗೋಸಾ ರಸ್ತೆಯ ಏಳನೇ ಕ್ರಾಸಿನ ಮೂಲೆಯಲ್ಲಿ ಸಿಟಿಆರ್ ಇದೆ. ಸೆಂಟ್ರಲ್ ಟಿಫಿನ್ ರೂಮ್ ಎಂದು ಶುರುವಾಗಿ ಈಗ ಶ್ರೀ ಸಾಗರ್ ಎಂಬ ಫಲಕ ಹೊತ್ತಿದ್ದರೂ ಜನ ಹಳೆಯ ಹೆಸರನ್ನು ಬಿಟ್ಟಿಲ್ಲ. ಹೊರಗೆ ಗರಿಗರಿ, ಒಳಗೆ ಮೆತ್ತಗೆ ಇರುವ ಬೆಣ್ಣೆ ಮಸಾಲೆ ದೋಸೆ ಇಲ್ಲಿಯ ವಿಶೇಷ. ಭಾನುವಾರ ಬೆಳಿಗ್ಗೆ ಕಾಯಬೇಕಾದೀತು. 15ನೇ ಕ್ರಾಸಿನ ವೀಣಾ ಸ್ಟೋರ್ಸ್‌ನಲ್ಲಿ ಇಡ್ಲಿ-ಚಟ್ನಿಯನ್ನು ನಿಂತೇ ತಿನ್ನಬೇಕು. ಎಂಟನೇ ಕ್ರಾಸಿನ ಹತ್ತಿರದ ಜನತಾ ಹೋಟೆಲಿನಲ್ಲಿ ದೋಸೆ, ಕಾಫಿ ಎರಡೂ ಸೊಗಸು. 1954ರಿಂದ ಸಂಪಿಗೆ ರಸ್ತೆಯಲ್ಲಿದ್ದ ನ್ಯೂ ಕೃಷ್ಣ ಭವನ 2023ರ ಕೊನೆಗೆ ಬಾಗಿಲು ಮುಚ್ಚಿತು. ಹಳೆಯ ಹೋಟೆಲು ಮುಚ್ಚಿದಾಗ ಅದರೊಂದಿಗೆ ಒಂದು ಬೀದಿಯ ಹರಟೆಯೂ ಹೋಗುತ್ತದೆ. ಇರುವ ಹೋಟೆಲುಗಳಿಗೆ ಹೋಗಿ ಕೂರುವುದು ಕೂಡ ಪರಂಪರೆ ಕಾಯುವ ಕೆಲಸವೇ.

ಏಳನೇ ನಿಲುಗಡೆ: ಕಾಡು ಮಲ್ಲೇಶ್ವರ

ಬಡಾವಣೆಗೆ ಹೆಸರು ಕೊಟ್ಟದ್ದು ಈ ದೇವಸ್ಥಾನ. ಬಡಾವಣೆ ಹುಟ್ಟುವುದಕ್ಕೆ ಎರಡು ಶತಮಾನಕ್ಕೂ ಮೊದಲೇ ಇಲ್ಲಿ ಮಲ್ಲಾಪುರ ಎಂಬ ಹಳ್ಳಿಯಿತ್ತು. 1669ರ ಶಾಸನವೊಂದು ಮಲ್ಲಾಪುರದ ಮಲ್ಲಿಕಾರ್ಜುನ ದೇವರಿಗೆ ಮೇದರನಿಂಗನಹಳ್ಳಿಯನ್ನು ದತ್ತಿ ಬಿಟ್ಟದ್ದನ್ನು ದಾಖಲಿಸುತ್ತದೆ. ದತ್ತಿ ಕೊಟ್ಟವನು ಏಕೋಜಿ, ಅಂದರೆ ಶಿವಾಜಿಯ ಮಲಸಹೋದರ. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನನ ದಂಡಿನೊಂದಿಗೆ ಬಂದ ಶಹಾಜಿಗೆ ಬೆಂಗಳೂರು ಜಹಗೀರಾಗಿ ಸಿಕ್ಕಿತ್ತು. ಅವನ ನಂತರ ಮಗ ಏಕೋಜಿ ಆಳಿದ. ಮುಂದೆ ಅವನು ತಂಜಾವೂರಿಗೆ ಹೋದ. 1687ರಲ್ಲಿ ಮೊಗಲರ ಕೈಸೇರಿದ ಬೆಂಗಳೂರನ್ನು ಚಿಕ್ಕದೇವರಾಜ ಒಡೆಯರು ಹಣ ಕೊಟ್ಟು ಪಡೆದರು. ಬೆಂಗಳೂರಿನ ಮರಾಠಾ ಕಾಲಕ್ಕೆ ಉಳಿದಿರುವ ಕೆಲವೇ ಕುರುಹುಗಳಲ್ಲಿ ಈ ಶಾಸನ ಮುಖ್ಯವಾದದ್ದು.

ದೇವಸ್ಥಾನದ ಎದುರಿಗೆ ದಕ್ಷಿಣಾಭಿಮುಖ ನಂದಿ ತೀರ್ಥವಿದೆ. ಕೆಳಗಿಳಿದರೆ ನಂದಿಯ ಬಾಯಿಂದ ನೀರು ಶಿವಲಿಂಗದ ಮೇಲೆ ಬಿದ್ದು ಮುಂದಿನ ಕಲ್ಯಾಣಿಗೆ ಹರಿಯುವುದನ್ನು ಕಾಣಬಹುದು. ಬಹುಕಾಲ ಮಣ್ಣಿನಡಿ ಹೂತುಹೋಗಿದ್ದ ಈ ತೀರ್ಥ 1990ರ ದಶಕದ ಕೊನೆಯಲ್ಲಿ ಅಗೆತದ ವೇಳೆ ಮತ್ತೆ ಬೆಳಕಿಗೆ ಬಂತು. ಪಕ್ಕದಲ್ಲೇ ಗಂಗಮ್ಮ ಮತ್ತು ನರಸಿಂಹಸ್ವಾಮಿಯ ಗುಡಿಗಳಿವೆ. ವೃಷಭಾವತಿಯ ಒಂದು ಕವಲಿನ ಮೂಲ ಈ ಸುತ್ತಲಿನ ದಿಣ್ಣೆಯಲ್ಲೇ ಇದೆ ಎಂಬ ನಂಬಿಕೆಯಿದೆ. ಕಾರ್ತಿಕ ಮಾಸದಲ್ಲಿ ಇಲ್ಲಿ ಕಡಲೆಕಾಯಿ ಪರಿಷೆ ನಡೆಯುತ್ತದೆ.

ಎಂಟನೇ ನಿಲುಗಡೆ: ರಾಮನ್ ಮನೆಯಿಂದ ಸ್ಯಾಂಕಿ ಕೆರೆಗೆ

15ನೇ ಕ್ರಾಸಿನಲ್ಲಿ ಪಂಚವಟಿ ಎಂಬ ಮನೆಯಿದೆ. 1930ರಲ್ಲಿ ನೊಬೆಲ್ ಪಡೆದು, 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದ ಸಿ.ವಿ. ರಾಮನ್ ಅವರ ಮನೆ ಅದು. ಮರಗಳ ನೆರಳಿನ ಅಂಗಳವನ್ನು ಹೊರಗಿನಿಂದಲೇ ನೋಡಿ ಮುಂದೆ ಸಾಗಿದರೆ 18ನೇ ಕ್ರಾಸಿನ ಮೈದಾನ, ಅರಣ್ಯ ಇಲಾಖೆಯ ಅರಣ್ಯ ಭವನ ಸಿಗುತ್ತವೆ.

ಅಲ್ಲಿಂದ ಸ್ಯಾಂಕಿ ಕೆರೆ ಹತ್ತಿರ. ಮಹಾಕ್ಷಾಮದ ಕಹಿ ಅನುಭವದ ನಂತರ, 1882ರಲ್ಲಿ, ಎಂಜಿನಿಯರ್ ರಿಚರ್ಡ್ ಸ್ಯಾಂಕಿ ಇದನ್ನು ಕಟ್ಟಿಸಿದರು. ಸರ್ಕಾರದ ಗಂಧದ ಕೊಠಡಿ ಹತ್ತಿರವಿದ್ದುದರಿಂದ ಗಂಧದಕೋಟಿ ಕೆರೆ ಎಂಬ ಹೆಸರೂ ಇತ್ತು. ಕೆರೆ ಕಟ್ಟಿದ ವರ್ಷವೇ ಮೈಸೂರಿಗೆ ರೈಲು ಮುಟ್ಟಿದ್ದು: ಒಂದೇ ಬರಕ್ಕೆ ಊರು ಕಂಡುಕೊಂಡ ಎರಡು ಉತ್ತರಗಳು ನಿಮ್ಮ ನಡಿಗೆಯ ಎರಡು ತುದಿಯಲ್ಲಿವೆ. ಹೆಸರಘಟ್ಟದ ನೀರನ್ನು ಸೋಸುವ ಘಟಕವನ್ನೂ ಮಲ್ಲೇಶ್ವರದ ಎತ್ತರದಲ್ಲೇ ಇಟ್ಟರು. ಇಲ್ಲಿಂದ ನೀರು ಪೇಟೆಯ ಕಡೆಗೆ ಇಳಿಜಾರಿನಲ್ಲಿ ತಾನೇ ಹರಿಯುತ್ತಿತ್ತು.

ನಡೆಯುವವರಿಗೆ ಕೆಲವು ಸೂಚನೆ

ಭಾನುವಾರ ಬೆಳಿಗ್ಗೆ ಆರೂವರೆಗೆ ಹೊರಡುವುದು ಒಳ್ಳೆಯದು. ಖೋಡೇಸ್ ವೃತ್ತ ಮತ್ತು ಕೆಳಸೇತುವೆಯಲ್ಲಿ ಆಗ ವಾಹನ ಕಡಿಮೆ. ನವೆಂಬರಿನಿಂದ ಫೆಬ್ರವರಿವರೆಗಿನ ತಿಂಗಳುಗಳು ನಡಿಗೆಗೆ ಹಿತ. ಜೋರು ಮಳೆಯ ದಿನ ಕೆಳಸೇತುವೆಯ ದಾರಿ ಬೇಡ. ಹಳಿಯನ್ನು ಎಲ್ಲಿಯೂ ಕಾಲ್ನಡಿಗೆಯಲ್ಲಿ ದಾಟಬಾರದು. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ನಡಿಗೆಯನ್ನು ಎರಡು ಭಾಗ ಮಾಡಿ: ಮೊದಲ ದಿನ ನಿಲ್ದಾಣದಿಂದ ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ ಮೆಟ್ರೊವರೆಗೆ, ಇನ್ನೊಂದು ದಿನ ಅಲ್ಲಿಂದ ಮುಂದಕ್ಕೆ. ಹಸಿರು ಮಾರ್ಗದ ಮೆಟ್ರೊ ಇಲ್ಲಿಂದ ಮೆಜೆಸ್ಟಿಕ್‌ಗೆ ಒಂದೇ ನಿಲುಗಡೆ. ದೇವಸ್ಥಾನಗಳು ಮಧ್ಯಾಹ್ನ ಮುಚ್ಚುವುದರಿಂದ ಹತ್ತೂವರೆಯೊಳಗೆ ಕಾಡು ಮಲ್ಲೇಶ್ವರ ತಲುಪಿ.

ಪರಂಪರೆಯ ಪಟ್ಟಿಗೆ ಸೇರಬೇಕಾದದ್ದು

ಪರಂಪರೆ ಎಂದರೆ ದೇವಸ್ಥಾನ, ಬಂಗಲೆ, ದೊಡ್ಡವರ ಮನೆ ಎಂದು ನಾವು ಗುರುತಿಸಿಕೊಂಡಿದ್ದೇವೆ. ಅವು ಉಳಿಯಬೇಕು, ಸಂದೇಹವಿಲ್ಲ. ಆದರೆ ಮಲ್ಲೇಶ್ವರದ ಅಂಗಳಗಳಿಗೆ ಸರಕು ತಂದ ಹಳಿಯನ್ನು ಕಾಯ್ದವರು, ರಾಜಾ ಮಿಲ್ಲಿನ ಕದಿರು ತಿರುಗಿಸಿದವರು, ಕನ್ಸರ್ವೆನ್ಸಿ ಓಣಿ ಶುಚಿ ಮಾಡಿದವರು ಬಾಳಿದ ಬೀದಿಗಳೂ ಅಷ್ಟೇ ಹಳೆಯವು, ಅಷ್ಟೇ ಮುಖ್ಯ. ಮಿಲ್ಲುಗಳು ಹೋದವು, ಎರಡು ಕೆರೆಗಳು ಮುಚ್ಚಿಹೋದವು. ಅವು ಎಲ್ಲಿದ್ದವು ಎಂದು ಹೇಳುವ ಫಲಕಗಳನ್ನು ಈಗಲಾದರೂ ನಿಲ್ಲಿಸಬಹುದು. ಪಾಳಿ ಕೆಲಸ ಮಾಡಿ ನಿವೃತ್ತರಾದ ಹಿರಿಯರು ಓಕಳಿಪುರಂ, ಶ್ರೀರಾಂಪುರಗಳಲ್ಲಿ ಇನ್ನೂ ಇದ್ದಾರೆ. ಅವರ ಮಾತುಗಳನ್ನು ಶಾಲೆ ಕಾಲೇಜಿನ ಮಕ್ಕಳು ಧ್ವನಿಮುದ್ರಿಸಿಕೊಳ್ಳಬಹುದು. ಇದಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಮಲ್ಲೇಶ್ವರ ತೋರಿಸಲು ನೆಂಟರನ್ನು ಕರೆದುಕೊಂಡು ಹೋಗುವವರು ಮುಂದಿನ ಸಲ ಒಂದು ಗಂಟೆ ಮೊದಲೇ ಹೊರಟು, ಓಕಳಿಪುರಂನಿಂದ ನಡೆಸಿಕೊಂಡು ಬಂದರೆ ಕೆಲಸ ಅಲ್ಲಿಂದಲೇ ಶುರುವಾಗುತ್ತದೆ.